ಮೊಲದ ಉಪವಾಸ

ಹೊಟ್ಟೆ ಕೆಟ್ಟರೆ ಎರಡು ಹೊತ್ತು ಉಪವಾಸ, ನೀರು ಮಾತ್ರ. ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಬೈಂಡರನ ಮನೆಯಲ್ಲಿ ತಾತನ ಕಾಲದಿಂದ ನಡೆದುಬಂದ ಮದ್ದು ಇದು. ಅವನ ಅಪ್ಪ ಅದನ್ನು ದೇವರ ಮಾತೆಂಬಂತೆ ಪಾಲಿಸಿ ಎಂಬತ್ತೆಂಟು ವರ್ಷ ಬಾಳಿದ್ದರು. ಹಾಗಾಗಿ ಹೆಂಡತಿ ತಂಗಿಯ ಮನೆಗೆ ಹೋದ ದಿನ ಸಂಜೆಯೇ ಮೊಲದ ಹಿಕ್ಕೆ ತುಸು ಮೆತ್ತಗಾದದ್ದನ್ನು ಕಂಡಾಗ ಅವನಿಗೆ ಯೋಚಿಸುವುದೇನೂ ಇರಲಿಲ್ಲ. ಗೂಡಿನಿಂದ ಒಣಹುಲ್ಲು ತೆಗೆದ, ಸೊಪ್ಪು ತೆಗೆದ, ನೀರಿನ ಬಟ್ಟಲನ್ನಷ್ಟೇ ಬಿಟ್ಟ. ಮೊಲ ಹಿಂಗಾಲ ಮೇಲೆ ಎದ್ದು ನಿಂತು ಬೇಡಿತು.

"ತಡ್ಕೋ ಅರಳೆ, ನಿನ್ನ ಒಳ್ಳೇದಕ್ಕೇ," ಎಂದ.

ಮರುದಿನ ಸಂಜೆ ಹುಲ್ಲು ಮುಂದಿಟ್ಟರೆ ಅರಳೆ ಮುಖ ತಿರುಗಿಸಿತು. ಮೂರನೆಯ ದಿನ ಬೆಳಿಗ್ಗೆ ಬೆನ್ನು ಗೂನು ಮಾಡಿಕೊಂಡು ಮೂಲೆ ಸೇರಿತ್ತು. ಹಲ್ಲು ಕಟಕಟ ಮಸೆಯುತ್ತಿತ್ತು. ಗೂಡಿನ ತಟ್ಟೆಯಲ್ಲಿ ಒಂದೇ ಒಂದು ಹಿಕ್ಕೆ ಇರಲಿಲ್ಲ.

ಅಷ್ಟರಲ್ಲಿ ಬಂದ ಹೆಂಡತಿ ಚೀಲ ಇಳಿಸುವ ಮೊದಲೇ ಗೂಡಿನ ಮುಂದೆ ಕೂತಳು. ಅಂಗೈಯಷ್ಟಿದ್ದಾಗಿನಿಂದ ಅದನ್ನು ಸಾಕಿದವಳು ಅವಳೇ.

"ರೀ, ಯಾಕೆ ಹೀಗಾಗಿದೆ ಇದು? ಹುಲ್ಲು ತಿಂತಾ ಇತ್ತು ತಾನೇ?"

"ತಿಂತಾ ಇತ್ತಲ್ಲ. ಬೆಳಿಗ್ಗೆ ಕೂಡ ತಿಂತು."

ಎಲುಬಿಲ್ಲದ ನಾಲಗೆ. ಮಾತು ಅಷ್ಟು ಸಲೀಸಾಗಿ ಜಾರಿದ್ದಕ್ಕೆ ಅವನಿಗೇ ಹೆದರಿಕೆಯಾಯಿತು.

ಪಶು ಆಸ್ಪತ್ರೆಯ ತಗಡಿನ ಮೇಜಿನ ಮೇಲೆ ಅರಳೆ ಚೂರೂ ಮಿಸುಕದೆ ಕೂತಿತ್ತು. ಡಾಕ್ಟರಮ್ಮ ಅದರ ಹೊಟ್ಟೆಗೆ ಸ್ಟೆತಸ್ಕೋಪ್ ಒತ್ತಿ ಬಹಳ ಹೊತ್ತು ಆಲಿಸಿದರು.

"ಒಳಗೆ ಸದ್ದೇ ಇಲ್ಲ. ಕೊನೇ ಸಲ ತಿಂದಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ. ಇವರೇ ಹಾಕಿದ್ದು," ಹೆಂಡತಿ ಹೇಳಿದಳು. ಬೈಂಡರ್ ತಲೆಯಾಡಿಸಿದ.

"ಮನೇಲಿ ಬಟ್ಟೆ, ಕಾಗದ ಏನಾದ್ರೂ ಇದರ ಬಾಯಿಗೆ ಸಿಗತ್ತಾ?"

"ಬೈಂಡಿಂಗ್ ಮನೆ ಡಾಕ್ಟರಮ್ಮ. ಕಾಗದ ಬಿಟ್ಟು ಇನ್ನೇನಿದೆ? ನಾವು ತಿಂದಿಲ್ಲ ಅನ್ನೋದೇ ಹೆಚ್ಚು," ಎಂದಳು ಹೆಂಡತಿ.

ಡಾಕ್ಟರಮ್ಮ ನಗಲಿಲ್ಲ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. "ಗಾಳಿ ತುಂಬಿದೆ, ಆದ್ರೆ ಇಷ್ಟರಲ್ಲೇ ಏನೂ ಹೇಳಕ್ಕಾಗಲ್ಲ. ಬೆಳಿಗ್ಗೆ ತಿಂದಿದ್ದು ಈಗ ಹೀಗಾಗಿದೆ ಅಂದ್ರೆ ಕರುಳಿಗೆ ಏನೋ ಅಡ್ಡ ಸಿಕ್ಕಿರಬೇಕು. ಹೊಟ್ಟೆ ಕೊಯ್ದು ತೆಗೀಬೇಕಾಗತ್ತೆ. ಇಷ್ಟು ಸೋತ ಮೊಲ ಅರಿವಳಿಕೆಯಿಂದ ಏಳತ್ತೆ ಅಂತ ಮಾತು ಕೊಡಲಾರೆ. ಅಡ್ಡ ಸಿಕ್ಕಿದ್ರೆ ಕಾಯೋ ಹಾಗೂ ಇಲ್ಲ."

ಹೆಂಡತಿ ಅರಳೆಯ ಕಿವಿಯ ಬುಡ ಸವರಿ, "ಮಾಡಿ," ಎಂದಳು.

ಬೈಂಡರ್ ಮೇಜಿಗೆ ಒಂದು ಹೆಜ್ಜೆ ಹತ್ತಿರ ಬಂದ. ಹೇಳಿದರೆ ಹೆಂಡತಿಯ ಕಣ್ಣಲ್ಲಿ ಬಿದ್ದುಹೋಗುತ್ತೇನೆ. ಹೇಳದಿದ್ದರೆ ತನ್ನ ಸುಳ್ಳಿಗೆ ಮೂಕಪ್ರಾಣಿಯ ಹೊಟ್ಟೆ ಸೀಳುತ್ತಾರೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ. ಕೂದಲು ಕತ್ತರಿಸುವ ಯಂತ್ರ ಗುಂಯ್‌ಗುಟ್ಟತೊಡಗಿತು. ಹೊಟ್ಟೆಯ ಬಿಳಿ ತುಪ್ಪಳದ ಮೊದಲ ಎಳೆ ಮೇಜಿನ ಮೇಲೆ ಬಿತ್ತು.

"ತಿಂದಿಲ್ಲ," ಎಂದ.

ಯಾರಿಗೂ ಕೇಳಿಸಲಿಲ್ಲ. ದೇವರೇ, ಇನ್ನೊಂದು ಸಲ ಹೇಳುವ ಎದೆ ಕೊಡು ಎಂದುಕೊಂಡ. "ನಿಲ್ಲಿಸಿ ಡಾಕ್ಟರಮ್ಮ! ಅದು ಬೆಳಿಗ್ಗೆ ತಿಂದಿಲ್ಲ. ಮೊನ್ನೆಯಿಂದ ತಿಂದಿಲ್ಲ. ನಾನೇ ಹಾಕಲಿಲ್ಲ."

ಯಂತ್ರ ನಿಂತಿತು.

"ಏನಂದ್ರಿ?" ಹೆಂಡತಿ ಕೇಳಿದಳು.

"ಹಿಕ್ಕೆ ಮೆತ್ತಗಾಗಿತ್ತು. ಎರಡು ಹೊತ್ತು ಉಪವಾಸ ಇದ್ರೆ ಸರಿಹೋಗತ್ತೆ ಅಂತ..."

"ನಿಮ್ಮಪ್ಪನ ವೈದ್ಯ ನಿಮ್ಮ ಹೊಟ್ಟೆಗಿರಲಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ! ಹೋಗ್ಲಿ, ಅದು ನಿಮಗೆ ಗೊತ್ತಾಗ್ಲಿಲ್ಲ ಅಂದ್ಕೊಳ್ಳೋಣ. ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಲ್ಲ, ಅದಕ್ಕೇನು ಮದ್ದು?"

"ಜಗಳ ಆಮೇಲೆ," ಡಾಕ್ಟರಮ್ಮ ಕೈ ಎತ್ತಿದರು. "ಮೊಲದ ಹೊಟ್ಟೆ ಗಿರಣಿ ಇದ್ದ ಹಾಗೆ ಸ್ವಾಮಿ. ಕಾಳು ಬೀಳ್ತಾ ಇದ್ರೇ ತಿರುಗೋದು. ನೀವು ಗಿರಣೀನೇ ನಿಲ್ಲಿಸಿಬಿಟ್ಟಿದ್ದೀರಿ. ಈಗ ಕೊಯ್ಯೋದು ಬೇಡ. ನೋವಿಗೂ ಕರುಳಿಗೂ ಇಂಜೆಕ್ಷನ್ ಕೊಡ್ತೀನಿ. ಸಂಜೆವರೆಗೂ ಇಲ್ಲೇ ಕೂತು, ಹುಲ್ಲಿನ ಪುಡಿ ಕಲಸಿ ಸಲಕ್ಕೆ ಹತ್ತು ಎಂಎಲ್ ಸಿರಿಂಜಲ್ಲಿ ಕುಡಿಸಿ. ಅವಸರ ಮಾಡಿದ್ರೆ ಶ್ವಾಸಕೋಶಕ್ಕೆ ಹೋಗತ್ತೆ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ. ಹೊಟ್ಟೆ ಉಬ್ಬಿದ್ರೆ ತಕ್ಷಣ ಕೂಗಿ."

ಪಕ್ಕದ ಕೋಣೆಯ ಬೆಂಚಿನ ಮೇಲೆ ಹೆಂಡತಿ ಟವೆಲಿನಲ್ಲಿ ಅರಳೆಯನ್ನು ಸುತ್ತಿ ಹಿಡಿದಳು. ಸಾವಿರಾರು ಪುಟಗಳನ್ನು ಒಂದು ನೂಲೂ ಆಚೀಚೆಯಾಗದಂತೆ ಹೊಲಿದ ಬೈಂಡರನ ಕೈ ಆ ಸಿರಿಂಜನ್ನು ಹಿಡಿದು ನಡುಗಿತು. ಮೊದಲ ಹನಿ ಗಲ್ಲದಿಂದ ಇಳಿದುಹೋಯಿತು. ಎರಡನೆಯದಕ್ಕೆ ಅರಳೆ ಸೀನಿತು. ಅವನು ಸಿರಿಂಜನ್ನು ಹಿಂದಕ್ಕೆಳೆದು ಕಾದ. ಮೂರನೆಯದನ್ನು ನಿಧಾನವಾಗಿ ಅಗಿದು ನುಂಗಿತು. ಮಧ್ಯಾಹ್ನ ಮತ್ತೆ ಕುಡಿಸಿದರು. ಹೆಂಡತಿ ಮೊಲದೊಡನೆ ಮಾತ್ರ ಮಾತಾಡುತ್ತಿದ್ದಳು. ಅವನು ಅಂಗೈಯನ್ನು ಆ ಪುಟ್ಟ ಹೊಟ್ಟೆಯ ಮೇಲಿಟ್ಟು, ಉಬ್ಬುತ್ತಿದೆಯೋ ಎಂದು ಮತ್ತೆ ಮತ್ತೆ ನೋಡುತ್ತಿದ್ದ. ಪ್ರತಿ ಸಲವೂ ಉಬ್ಬಿದಂತೆಯೇ ಅನಿಸುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಮ್ಮೆ ಕುಡಿಸಿದಾಗ ಟವೆಲಿನ ಮಡಿಕೆಯಲ್ಲಿ ಮೆಣಸುಕಾಳಿಗಿಂತ ಸಣ್ಣ ಹಿಕ್ಕೆಯೊಂದು ಸಿಕ್ಕಿತು. ಡಾಕ್ಟರಮ್ಮ ಅದನ್ನು ಬೆರಳಲ್ಲಿ ಹೊರಳಿಸಿ ನೋಡಿದರು.

"ಗಿರಣಿ ಅಲ್ಲಾಡಿದೆ. ಪಾರಾಯ್ತು ಅಂತ ಇನ್ನೂ ಹೇಳಲ್ಲ. ಈ ಸಲ ಹೊಟ್ಟೆಗೆ ಎಷ್ಟು ಹೋಯ್ತು?"

ಹೆಂಡತಿ ಗಂಡನ ಕಡೆ ತಿರುಗಿದಳು. ಬೆಳಗಿನಿಂದ ಮೊದಲ ಸಲ.

"ಹೇಳ್ರೀ. ಇದ್ದದ್ದು ಇದ್ದ ಹಾಗೆ."

ಹತ್ತು ಎಂಬ ಮಾತು ಬಾಯಿಗೆ ಬಂದಿತ್ತು. ಸಿರಿಂಜಿನ ಗೆರೆ ನೋಡಿದ, ಟವೆಲಿನ ಒದ್ದೆ ನೋಡಿದ.

"ಆರು. ನಾಲ್ಕು ಚೆಲ್ಲಿದೆ. ನನ್ನ ಕೈ ನಡುಗ್ತು."

"ಹಾಗಾದ್ರೆ ಇನ್ನು ನಾಲ್ಕು ಕುಡಿಸಿ," ಎಂದಳು ಹೆಂಡತಿ. ಟವೆಲನ್ನು ಅವನ ಕಡೆಗೆ ತುಸು ಓರೆ ಮಾಡಿ ಹಿಡಿದಳು.