ಕುಂಕುಮ ಮೆತ್ತಿಕೊಂಡ ಕೋಳಿಗಳು

೧
ಇದನ್ನು ಎಲ್ಲಿಂದ ಶುರು ಮಾಡಲಿ? ಕೋಳಿಯಿಂದಲೋ, ಕುಂಬಳಕಾಯಿಯಿಂದಲೋ? (ಮೊಟ್ಟೆಯಿಂದ ಶುರುವಾದ ಡ್ರಾಫ್ಟ್ ಕಸದ ಬುಟ್ಟಿಯಲ್ಲಿದೆ. ಅದೂ ವಿಂಗಡಿಸಿದ ಕಸ, ಇದು ಜಪಾನ್.)

೨
ತಾರಾಳಿಂದಲೇ ಆಗಲಿ. ಮನೆ ಫುನಾಬೊರಿಯಲ್ಲಿ, ಕೆಲಸ ಚಿಬಾದ ಮೊರಿತಾ ಸಾನ್ ಅವರ ಕೋಳಿ ಫಾರ್ಮಿನಲ್ಲಿ. ಪಂಜರದ ಕೋಳಿಗಳನ್ನು ಅಂಗಳಕ್ಕೆ ಬಿಡಿಸಿದವಳು ಅವಳೇ. "ಸಬ್ಸಿಡಿ ಸಿಗತ್ತೆ, ನನ್ನ ನಂಬಿ" ಎಂದು ಅವರಿಗೆ ಹೇಳಿದ್ದಳು. (ಅಂದದ್ದು ಜಪಾನೀಸಿನಲ್ಲಿ, ಕನ್ನಡ ನನ್ನದು.) ಸಬ್ಸಿಡಿ ಬೇಕೆಂದರೆ ಕೋಳಿಗೆ ಓಡಾಡಲು ಜಾಗ ಬೇಕು, ಗೊಬ್ಬರ ಹಳ್ಳಕ್ಕೆ ಹರಿಯಬಾರದು, ಮುಖ್ಯವಾಗಿ ಕೋಳಿಗಳು ಒಂದನ್ನೊಂದು ಕುಕ್ಕಿ ಗಾಯ ಮಾಡಿಕೊಂಡಿರಬಾರದು. ಇನ್‌ಸ್ಪೆಕ್ಷನ್ನಿನಲ್ಲಿ ಫೇಲಾದರೆ ಅವು ಮತ್ತೆ ಪಂಜರಕ್ಕೆ.

೩
ಇನ್‌ಸ್ಪೆಕ್ಷನ್ ಬಿದ್ದದ್ದು ಆಯುಧಪೂಜೆಯ ದಿನ. ಯಾರ ದೃಷ್ಟಿಯೂ ತಾಕದಿರಲೆಂದು ತಾರಾ ಮೊಟ್ಟೆ ವ್ಯಾನಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳಕ್ಕೆ ಕುಂಕುಮ ತುಂಬಿ, ನಿವಾಳಿಸಿ ಅಂಗಳದಲ್ಲಿ ಒಡೆದಳು. ಕೈ ತೊಳೆದು ಬರುವಷ್ಟರಲ್ಲಿ ಕೋಳಿಗಳು ತಿರುಳಿಗೆ ಮುಗಿಬಿದ್ದಿದ್ದವು. ಕೊಕ್ಕು ಕೆಂಪು, ಕತ್ತು ಕೆಂಪು, ಬಿಳಿ ಪುಕ್ಕವೆಲ್ಲ ಕೆಂಪು. ಗೇಟಿನಲ್ಲಿ ಅಧಿಕಾರಿಯ ಕಾರು ನಿಂತಿತು.

"ಏನ್ರೀ ಇದು!" ತಾರಾ ಈ ಕಥೆ ಬರೆಯುತ್ತಿರುವ ನನ್ನ ಮೇಲೆ ಹರಿಹಾಯ್ದಳು. "ಡೇಟ್ ಇವತ್ತೇ ಹಾಕ್ಬೇಕಿತ್ತಾ?"

"ನೀವು ಗೇಟ್ ಹೊರಗೆ ಒಡೀಬಹುದಿತ್ತಲ್ಲ."

"ರೋಡಲ್ಲಾ? ಪಕ್ಕದ್ಮನೆಯವ್ರು ಕಂಪ್ಲೇಂಟ್ ಕೊಡಲ್ವಾ, ಸ್ವಾಮಿ?"

ನ್ಯಾಯವಾದ ಮಾತು. ನಾನು ಮುಕ್ತಾಯ ಹುಡುಕತೊಡಗಿದೆ.

ಮುಕ್ತಾಯ ಒಂದು: ಅಧಿಕಾರಿ "ರಕ್ತ" ಎಂದು ಬರೆದುಕೊಂಡು ಹೊರಟುಹೋಗುತ್ತಾರೆ. (ಛೆ. ಹೊಡೆದುಹಾಕಿದೆ.)

ಮುಕ್ತಾಯ ಎರಡು: ತಾರಾ ಒಂದು ಕೋಳಿಯನ್ನು ಹಿಡಿದು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. ಗಾಯವಿಲ್ಲ.

"ಉಳಿದವು?" ಎಂದು ಅಧಿಕಾರಿ ಕೇಳುತ್ತಾರೆ.

ವ್ಯಾನಿನ ಪಕ್ಕ ನಿಂತಿದ್ದ ಮೊರಿತಾ ಸಾನ್ ಇನ್ನೊಂದು ಬಟ್ಟೆ ನೆನೆಸಿಕೊಂಡು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ತಾರಾಳ ಕಣ್ಣು ತುಂಬುತ್ತದೆ. (ನನ್ನದೂ.) ಅಧಿಕಾರಿ ತೋಳು ಮಡಚುತ್ತಾರೆ.

೪
"ಆಮೇಲೆ?" ಅನ್ನುತ್ತೀರಿ ನೀವು. ಕೊನೆಯ ಕೋಳಿಯನ್ನು ಒರೆಸಿದ ಮೇಲೆ ಅಧಿಕಾರಿ ಪೆನ್ನು ತೆಗೆಯಲೇಬೇಕು. ಪಾಸೂ ಆಗಬಹುದು, ಪಂಜರವೂ ಆಗಬಹುದು.

"ಮುಗಿಸ್ಬೇಡಿ," ತಾರಾ ತಲೆಯೆತ್ತದೆ ಅಂದಳು. "ನೀವು ಬರೀತಿರೋವರೆಗೂ ಇವು ಅಂಗಳದಲ್ಲೇ ಇರ್ತವೆ."

ಒರೆಸಿಬಿಟ್ಟ ಕೋಳಿ ನೆಟ್ಟಗೆ ಕುಂಬಳಕಾಯಿಗೇ ಓಡಿತು. ಅಧಿಕಾರಿ ನಕ್ಕುಬಿಟ್ಟರು. ತಾರಾ ಅದನ್ನು ಮತ್ತೆ ಹಿಡಿದಳು, ಒರೆಸಿದಳು, ಬಿಟ್ಟಳು, ಅದು ಮತ್ತೆ ಓಡಿತು, ಅವಳು ಮತ್ತೆ ಹಿಡಿದು,