ತಕ್ಕಡಿಗೆ ಹೇಳಿದ ಸುಳ್ಳು

ನಮ್ಮ ಮನೆತನದವರು ಮುಟ್ಟದೆ ಭಾರ ಎತ್ತುತ್ತೇವೆ. ಅಂಗೈ ಮೇಲೆ ಮಾಡಿದರೆ ಸಾಕು, ಎದುರಿಗಿದ್ದದ್ದು ನೆಲ ಬಿಟ್ಟು ಏಳುತ್ತದೆ. ಆದರೆ ಎತ್ತಿದ ಭಾರವೆಲ್ಲ ನಮ್ಮ ಬೆನ್ನಿನ ಮೇಲೇ ಕೂರುತ್ತದೆ. ಮೈತೂಕ ಎಷ್ಟೋ ಅಷ್ಟೇ ನಮ್ಮ ಮಿತಿ. ಅದಕ್ಕಿಂತ ಒಂದು ಕಿಲೋ ಹೆಚ್ಚಾದರೂ ಹತ್ತು ಉಸಿರಿನೊಳಗೆ ಮೊಣಕಾಲು ಕುಸಿಯುತ್ತದೆ.

ಅದಕ್ಕೇ ಒಂದು ಪದ್ಧತಿ ಇದೆ. ಕೆಲಸಕ್ಕೆ ಮೊದಲು ಎತ್ತುವವನು ಎಲ್ಲರೆದುರು ತಕ್ಕಡಿ ಹತ್ತಿ ತನ್ನ ತೂಕ ಕೂಗಿ ಹೇಳಬೇಕು. ಭಾರದ ಕೆಳಗೆ ನಿಂತು ಹಗ್ಗದಲ್ಲಿ ದಿಕ್ಕು ತಿರುಗಿಸುವವನು ಅದನ್ನು ಕೇಳಿ ‘ಒಪ್ಪಿದೆ’ ಅನ್ನಬೇಕು. ಇಪ್ಪತ್ತು ವರ್ಷದಿಂದ ನನಗೆ ಹಾಗೆ ಅನ್ನುತ್ತಿದ್ದವನು ಸುಬ್ಬಪ್ಪ, ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯವನು.

ಹೋದ ವರ್ಷ ನನಗೆ ಸಕ್ಕರೆ ಕಾಯಿಲೆ ಹತ್ತಿಕೊಂಡಿತು. ಎಪ್ಪತ್ತಾರು ಕಿಲೋ ಇದ್ದವನು ಅರವತ್ತಾರಕ್ಕಿಳಿದೆ. ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡೆನೇ ಹೊರತು ಯಾರಿಗೂ ಹೇಳಲಿಲ್ಲ. ಯೋಗರಾಜನ ಕೈ ಸಣ್ಣದಾಯಿತು ಅಂತ ಊರು ಆಡಿಕೊಳ್ಳುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಗುಜರಿಯಿಂದ ಕಬ್ಬಿಣದ ನಟ್ಟುಗಳನ್ನು ತಂದು, ಬಟ್ಟೆಚೀಲದಲ್ಲಿ ತುಂಬಿ, ಅಂಗಿಯೊಳಗೆ ಸೊಂಟಕ್ಕೆ ಬಿಗಿದುಕೊಂಡು ತಕ್ಕಡಿ ಹತ್ತತೊಡಗಿದೆ. ಆಮೇಲೆ ಬಂದವೆಲ್ಲ ಹಗುರ ಕೆಲಸಗಳಾದ್ದರಿಂದ ಪಾರಾದೆ. ನಾಚಿಕೆಗೆಟ್ಟವನು ನಾನು, ಅದನ್ನು ಜಾಣತನ ಅಂದುಕೊಂಡಿದ್ದೆ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಶ್ರೀನಿವಾಸಮೂರ್ತಿ ಮೇಷ್ಟ್ರು ಮನೆ ಕಟ್ಟಿಸುತ್ತಿದ್ದರು. ಅಡುಗೆಮನೆಯ ಗ್ರಾನೈಟ್ ಚಪ್ಪಡಿಯನ್ನು ಹೊರಗಿನಿಂದ ಮಹಡಿಗೆ ಏರಿಸಬೇಕಿತ್ತು. ಅದರ ತೂಕ ಎಪ್ಪತ್ತು ಕಿಲೋ. ನಾನು ತಕ್ಕಡಿ ಹತ್ತಿ ಎಪ್ಪತ್ನಾಲ್ಕು ಅಂತ ಕೂಗಿದೆ. ಸುಬ್ಬಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಒಪ್ಪಿದೆ ಅಂದ.

ಚಪ್ಪಡಿ ಆಳೆತ್ತರ ಏರುವಷ್ಟರಲ್ಲಿ ನನ್ನ ಕಾಲು ನಡುಗಿತು. ನಮ್ಮ ಎತ್ತುವ ಶಕ್ತಿಗೆ ಲೆಕ್ಕ ಮಾಂಸ ಮೂಳೆಯದ್ದು ಮಾತ್ರ, ಕಬ್ಬಿಣದ್ದಲ್ಲ. ನಾನು ಕುಸಿದೆ, ಚಪ್ಪಡಿ ಸುಬ್ಬಪ್ಪನ ಎಡಗಾಲಿನ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಅವನ ಮೂರು ಕಾಲ್ಬೆರಳು ತೆಗೆದರು. ಯೋಗರಾಜನ ತೂಕ ಸರಿಯಾಗಿಯೇ ಇತ್ತು, ಸುಬ್ಬಪ್ಪನೇ ಹಗ್ಗ ತಪ್ಪು ಎಳೆದಿರಬೇಕು ಅಂದರು ಮೇಷ್ಟ್ರು. ನಮ್ಮ ಕಸುಬಿನವರೂ ಅದನ್ನೇ ಹೇಳಿದರು. ಹಗ್ಗ ತಪ್ಪಿಸಿದವನು ಅನ್ನಿಸಿಕೊಂಡವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಹೌದು, ತನ್ನದೇ ತಪ್ಪು ಅಂತ ಸುಬ್ಬಪ್ಪನೂ ಒಪ್ಪಿಕೊಂಡ. ನಾನು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದೆ. ಅದನ್ನು ಎಲ್ಲರೂ ದುಃಖ ಅಂದುಕೊಂಡರು.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಆ ಚೀಲ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ ಅವನ ಮಂಚದ ಮೇಲಿಟ್ಟು ಎಲ್ಲ ಹೇಳಿದೆ. ಅವನ ಹೆಂಡತಿ ಜಗದಾಂಬಾ ನನಗೆ ಕಾಫಿ ಬಗ್ಗಿಸುತ್ತಿದ್ದಳು.

“ಗೊತ್ತಿತ್ತು ಮಾರಾಯ,” ಅಂದ ಸುಬ್ಬಪ್ಪ. “ನೀನು ತಕ್ಕಡಿ ಹತ್ತುವಾಗ ಸೊಂಟದಲ್ಲಿ ಕಬ್ಬಿಣ ಸದ್ದು ಮಾಡ್ತು.”

“ಮತ್ಯಾಕೆ ಒಪ್ಪಿದೆ ಅಂದೆ?”

“ಅಷ್ಟು ಜನರ ಮುಂದೆ ನಿನ್ನ ಮರ್ಯಾದೆ ಹೆಂಗೆ ತೆಗೀಲಿ? ಹತ್ತು ಉಸಿರಿನೊಳಗೆ ಹೆಂಗೋ ಮೇಲೆ ಮುಟ್ಟಿಸ್ತೀಯ ಅಂದ್ಕೊಂಡೆ.”

ಜಗದಾಂಬಾ ನನಗೆ ಬಗ್ಗಿಸಿದ್ದ ಕಾಫಿಯನ್ನು ತಿರುಗಿ ಫ್ಲಾಸ್ಕಿಗೆ ಸುರಿದು ಮುಚ್ಚಳ ತಿರುಪಿದಳು. ನಾನು ಚೀಲ ಎತ್ತಿಕೊಂಡು ಎದ್ದು ಬಂದೆ.

ಅಲ್ಲಿಂದ ನೇರ ಸವಳಂಗ ರಸ್ತೆಗೆ ಹೋದೆ. ಮೇಷ್ಟ್ರನ್ನೂ ನಮ್ಮ ಕಸುಬಿನವರನ್ನೂ ಕರೆದು, ನಟ್ಟಿನ ಚೀಲವನ್ನು ಅವರ ಮುಂದೆ ಸುರಿದೆ. ಅಂಗಿ ಬಿಚ್ಚಿ ತಕ್ಕಡಿ ಹತ್ತಿ ಅರವತ್ತಾರು ಅಂತ ಕೂಗಿದೆ. ಒಪ್ಪಿದೆ ಅನ್ನಲು ಅಲ್ಲಿ ಸುಬ್ಬಪ್ಪ ಇರಲಿಲ್ಲ.