ಬಲೂನು ಕಟ್ಟಿದ ಕೆಸರು

ಮಣ್ಣು ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು 'ಜರಡಿ ಮೇಡಂ' ಎಂದು. ಹನ್ನೆರಡು ವರ್ಷದಿಂದ ಅವಳ ಕೆಲಸ ಒಂದೇ. ಹೊಲಗಳಿಂದ ಚೀಲದಲ್ಲಿ ಬಂದ ಮಣ್ಣನ್ನು ಇಡೀ ದಿನ ಓವನ್‌ನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಯಾವ ಸಾರ ಎಷ್ಟಿದೆ ಎಂದು ಬರೆದುಕೊಡುವುದು. ಇದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಡವಿದ್ದೂ ಇದರಲ್ಲೇ.

ಊರಂಚಿನ ಜೌಗನ್ನು ತುಂಬಿ, ಮಟ್ಟ ಮಾಡಿ, ಗೋದಾಮು ಕಟ್ಟಲು ಯಾರೋ ಅರ್ಜಿ ಹಾಕಿದ್ದರು. ಅಲ್ಲಿನ ಕೆಸರಿನಲ್ಲಿ ಕೊಳೆ ತಿಂದು ನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾ ಬದುಕಿವೆಯೇ ನೋಡಿ ಹೇಳಿ ಎಂದು ಅರ್ಜಿ ವಿಚಾರಿಸುವ ಅಧಿಕಾರಿಯಿಂದ ಪತ್ರ ಬಂತು. ಬದುಕಿದ್ದರೆ ಜೌಗು ಉಳಿಯುತ್ತದೆ, ಸತ್ತಿದ್ದರೆ ಲಾರಿಗಳು ಬರುತ್ತವೆ. ಊರಿನ ಚರಂಡಿ ನೀರೆಲ್ಲ ಆ ಜೌಗಿನೊಳಗೆ ಕಪ್ಪಗೆ ಹೋಗಿ ಆಚೆ ಕಡೆ ತಿಳಿಯಾಗಿ ಬರುತ್ತಿತ್ತು. ಅವಳ ಬೀದಿಯ ಬಾವಿಗಳಿದ್ದದ್ದು ಆ ಆಚೆ ಕಡೆ. ಇಷ್ಟೆಲ್ಲ ಗೊತ್ತಿದ್ದೂ ಕೈ ಗಾಣದೆತ್ತಿನ ಹಾಗೆ ಕೆಸರನ್ನು ಓವನ್ನಿಗೆ ತಳ್ಳಿತು. ಫಲಿತಾಂಶ ಸೊನ್ನೆ. ಸಹಿ ಹಾಕಿ ಕಳಿಸಿದಳು.

ಕೆಸರು ತರಲು ಹಾಕಿಕೊಂಡು ಹೋಗಿದ್ದ ಬೂಟು ಮನೆಯ ಮೂಲೆಯಲ್ಲಿ ಇನ್ನೂ ನಾರುತ್ತಿತ್ತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನೇ ಇದು, ಇಷ್ಟು ನಾತ?"

"ಜೌಗಿಂದು ಅತ್ತೆ. ಸತ್ತ ಮಣ್ಣು. ಒಂದು ಜೀವಾನೂ ಇಲ್ಲ ಅದರಲ್ಲಿ."

"ಹೇಗೆ ನೋಡ್ದೆ?"

"ಒಂದು ದಿನ ಓವನ್‌ನಲ್ಲಿ ಒಣಗಿಸಿ..."

ಅತ್ತೆ ಬಿದ್ದು ಬಿದ್ದು ನಕ್ಕರು. "ಚೆನ್ನಾಗಿದೆ ಕಣೇ! ಮೀನನ್ನ ಹುರಿದಿಟ್ಟು, ಅಯ್ಯೋ ಇದಕ್ಕೆ ಈಜೋಕೇ ಬರಲ್ಲ ಅಂದ ಹಾಗಾಯ್ತು."

ಅವಳ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗಲೇ ಇಲ್ಲ. ಗಾಳಿ ತಗುಲಿದರೇ ಸಾಯುವ ಜೀವಗಳು ಆ ಕೆಸರಿನ ತಳದಲ್ಲಿರುತ್ತವೆ ಎಂದು ಕಾಲೇಜಿನಲ್ಲಿ ಓದಿದ್ದಳು, ಬರೆದು ಪಾಸೂ ಆಗಿದ್ದಳು.

ಮರುದಿನ ಪ್ರಯೋಗಾಲಯದ ನಿರ್ದೇಶಕರ ಮುಂದೆ ನಿಂತಳು. "ಸರ್, ತಪ್ಪು ನಂದೇ. ವರದಿ ವಾಪಸ್ ತರಿಸಿ, ಮತ್ತೆ ಮಾಡಿಕೊಡ್ತೀನಿ."

"ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲಮ್ಮ. ನಮ್ಮದು ತಪ್ಪು ಅಂತ ನಾವೇ ಡಂಗುರ ಹೊಡೀಬೇಕಾ? ನಿಮ್ಮ ಪಾಡಿಗೆ ನೀವಿರಿ. ಇಲ್ಲಾಂದ್ರೆ ಈ ಕೆಲಸದ ಆಸೆ ಬಿಡಿ."

ಅವಳಿಗೆ ಭಯವಾದದ್ದು ನಿಜ. ಅದರ ಎರಡರಷ್ಟು ಸಿಟ್ಟು ಬಂತು.

ಅಂದೇ ಜೌಗಿಗಿಳಿದು ಒಂದು ಬಕೆಟ್ ಕೆಸರು ತಂದಳು. ಅರ್ಧವನ್ನು ನೀರಿನ ಸಮೇತ ಹಾಗೆಯೇ ಗಾಜಿನ ಬಾಟಲಿಗೆ ತುಂಬಿದಳು. ಉಳಿದರ್ಧವನ್ನು ಎಂದಿನಂತೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರು ಬೆರೆಸಿ ಇನ್ನೊಂದಕ್ಕೆ ತುಂಬಿದಳು. ಎರಡಕ್ಕೂ ಒಂದೊಂದು ಹಿಡಿ ಕಾಗದದ ಚೂರು ಮೇವಾಗಿ ಹಾಕಿ, ಬಾಯಿಗೆ ಬಲೂನು ಬಿಗಿದು, ಅಡುಗೆಮನೆಯ ಕಿಟಕಿಯಲ್ಲಿಟ್ಟಳು. "ನನ್ನ ಸಕ್ಕರೆ ಡಬ್ಬಿ ಪಕ್ಕಾನೇ ಬೇಕಿತ್ತಾ ಇವಕ್ಕೆ?" ಎಂದು ಅತ್ತೆ ಗೊಣಗಿದರು. ಆದರೆ ದಿನಾ ಎದ್ದ ಕೂಡಲೇ ಬಲೂನು ನೋಡಲು ಓಡುತ್ತಿದ್ದವರೂ ಅವರೇ.

ಮೂರನೆಯ ವಾರ ಅವಳು ಹಲ್ಲುಜ್ಜುತ್ತಿದ್ದಾಗ ಒಳಗಿನಿಂದ ಕೂಗು ಕೇಳಿತು: "ಲೇ, ಒಂದು ಎದ್ದು ನಿಂತಿದೆ ಕಣೇ!"

ಅರ್ಜಿಯ ವಿಚಾರಣೆಯ ದಿನ ಸಭೆ ತುಂಬಿತ್ತು. ಅತ್ತೆ ಕೊನೆಯ ಸಾಲಿನಲ್ಲಿ ಕೂತಿದ್ದರು. ನಿರ್ದೇಶಕರು ವರದಿ ಓದಿ ಮುಗಿಸುತ್ತಿದ್ದಂತೆ ಅವಳು ಎದ್ದು ಹೋಗಿ, ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯ ಮೇಜಿನ ಮೇಲೆ ಎರಡೂ ಬಾಟಲಿ ಇಟ್ಟಳು.

"ಏನಿದು ಹುಡುಗಾಟ?" ನಿರ್ದೇಶಕರು ಸಿಡುಕಿದರು. "ಸರ್, ಈ ಸೊನ್ನೆ ಬರೆದೋರೇ ಇವರು. ಸಹಿ ನೋಡಿ. ಅವತ್ತು ಸಹಿ ಹಾಕಿ ಇವತ್ತು ಬಲೂನು ಹಿಡ್ಕೊಂಡು ಬಂದೋರ ಮಾತಿಗೆ ಏನು ಬೆಲೆ?"

ಸಭೆ ನಕ್ಕಿತು. ಅವಳು ನಗು ನಿಲ್ಲುವವರೆಗೆ ಕಾದಳು.

"ಸಹಿ ನಂದೇ, ತಪ್ಪೂ ನಂದೇ. ಎರಡೂ ಒಂದೇ ಬಕೆಟ್ ಕೆಸರು ಸರ್. ಬಲೂನು ಜೋತು ಬಿದ್ದಿದೆಯಲ್ಲ, ಇದು ನಾನು ಒಣಗಿಸಿದ್ದು. ವರದೀಲಿ ಸತ್ತಿದೆ ಅಂತ ಇರೋದು ಇದರ ವಿಷಯ. ಸತ್ತಿರೋದೂ ನಿಜ, ಕೊಂದವಳು ನಾನು. ಆ ಕಡೇದು ನಾನು ಕೊಲ್ಲದೆ ಬಿಟ್ಟಿದ್ದು."

ಅಧಿಕಾರಿ ಉಬ್ಬಿದ ಬಲೂನನ್ನು ಬೆರಳಿನಿಂದ ಒತ್ತಿ ನೋಡಿದರು. "ಇದರೊಳಗೇನಿದೆ?"

"ಅವುಗಳ ಉಸಿರು. ಸತ್ತೋರು ಉಸಿರು ಬಿಡಲ್ಲ ಸರ್."

ಕೊನೆಯ ಸಾಲಿನಲ್ಲಿ ಒಬ್ಬರೇ ಚಪ್ಪಾಳೆ ತಟ್ಟಿದರು.

"ನಾಳೆಯಿಂದ ನೀವು ಬರೋದು ಬೇಡ," ನಿರ್ದೇಶಕರು ಹಲ್ಲು ಕಚ್ಚಿ ಹೇಳಿದರು.

"ಬರ್ತೀನಿ ಸರ್. ಬೇಡ ಅಂದ್ರೆ ಬರೆದು ಕೊಡಿ, ತಪ್ಪು ಒಪ್ಪಿಕೊಂಡಿದ್ದಕ್ಕೆ ತೆಗೆದು ಹಾಕಿದೀವಿ ಅಂತ."

ಅಧಿಕಾರಿ ವರದಿಯನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟರು. 'ಬದುಕಿರುವ ಬ್ಯಾಕ್ಟೀರಿಯಾ: ಸೊನ್ನೆ' ಎಂಬ ಸಾಲನ್ನು ಅವಳು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ 'ನಾನು ಒಣಗಿಸಿ ಕೊಂದ ಮೇಲೆ' ಎಂದು ಬರೆದು, ಕೆಳಗೆ ಇನ್ನೊಮ್ಮೆ ಸಹಿ ಹಾಕಿದಳು.